ಡಾಕ್ಟರೇಟ್ ಮಾಡಿದ ಮೇಲೂ ನರ್ಸೇ?

ಕಳೆದ ಬಕ್ರೀದ್‌ನ ಮರುವಾರ ನನ್ನ ಚಿಕಿತ್ಸಾಲಯಕ್ಕೆ ತಾಯಿ-ಮಗಳು ಬಂದರು. ತಾಯಿ ನನ್ನ ಹಳೆಯ ರೋಗಿ. 11 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಅದಕ್ಕೆ ಬೇರೆ ವೈದ್ಯರ ಮಾತ್ರೆ. ನನ್ನ ಬಳಿ ಬರುವುದು ಮೊಣಕಾಲು ನೋವಿಗೆ, ಎರಡು ವರ್ಷದಿಂದ. ಮಗಳು ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಆರು ವರ್ಷ ಸೌದಿಯಲ್ಲಿ ದುಡಿದು, ಬೆಂಗಳೂರಿನಲ್ಲಿ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ಪಾಸಾಗಿ, ಈಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನರ್ಸ್ ಆಗಿದ್ದಾಳೆ. ರಜೆಯಲ್ಲಿ ಬಂದಿದ್ದಳು.

ತಾಯಿ ಕುಳಿತವರೇ ಮೊಣಕಾಲಿನ ವಿಷಯ ಬಿಟ್ಟು ಮಗಳ ವಿಷಯ ತೆಗೆದರು. "ಇವಳು ರಾತ್ರಿಯಿಡೀ ಕಂಪ್ಯೂಟರ್ ಮುಂದೆ ಕೂತಿರುತ್ತಾಳೆ. ಕೇಳಿದರೆ ಡಾಕ್ಟರೇಟ್ ಓದುತ್ತಿದ್ದೇನೆ ಅನ್ನುತ್ತಾಳೆ. ಡಾಕ್ಟರೇಟ್ ಆದ ಮೇಲೆ ಡಾಕ್ಟರ್ ಆಗ್ತೀಯಾ ಅಂದರೆ, ಇಲ್ಲ ಉಮ್ಮ, ನರ್ಸೇ ಅನ್ನುತ್ತಾಳೆ. ಹಾಗಾದರೆ ಇಷ್ಟು ಖರ್ಚು, ಇಷ್ಟು ನಿದ್ದೆಗೇಡು ಯಾಕೆ? ನೀವೇ ಹೇಳಿ."

ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಗಳೇ ಹೇಳಿದಳು. ಆಮೇಲೆ ನಾನೂ ಓದಿ ತಿಳಿದುಕೊಂಡೆ. ನಮ್ಮ ಸಮುದಾಯದ ಅನೇಕ ಹೆಣ್ಣುಮಕ್ಕಳು ಇಂದು ನರ್ಸಿಂಗ್ ಕಲಿಯುತ್ತಿದ್ದಾರೆ. ಅವರ ಮೊಬೈಲುಗಳಿಗೆ "ಮನೆಯಲ್ಲೇ ಕುಳಿತು ಡಾಕ್ಟರೇಟ್ ಪಡೆಯಿರಿ" ಎಂಬ ಜಾಹೀರಾತುಗಳು ಬರುತ್ತಿವೆ. ಆದ್ದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಡುತ್ತಿದ್ದೇನೆ.

ಏನಿದು ಡಿಎನ್‌ಪಿ?

ಆಕೆ ಓದುತ್ತಿರುವ ಪದವಿಯ ಹೆಸರು ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್, ಸಂಕ್ಷಿಪ್ತವಾಗಿ ಡಿಎನ್‌ಪಿ. ಇದು ಪಿಎಚ್.ಡಿ. ಅಲ್ಲ. ನರ್ಸಿಂಗ್‌ನಲ್ಲಿ ಪಿಎಚ್.ಡಿ. ನಮ್ಮಲ್ಲೂ ಇದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಅದಕ್ಕಾಗಿ ರಚಿಸಿದ ರಾಷ್ಟ್ರೀಯ ಒಕ್ಕೂಟವು ನಮ್ಮ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆಗೂಡಿಯೇ ಆರಂಭವಾದದ್ದು. ಆದರೆ ಪಿಎಚ್.ಡಿ. ಸಂಶೋಧಕರಿಗೆ, ಬೋಧಕರಿಗೆ. ಡಿಎನ್‌ಪಿ ರೋಗಿಯ ಪಕ್ಕದಲ್ಲೇ ಉಳಿಯುವ ನರ್ಸ್‌ಗಳಿಗೆ.

ಅಮೆರಿಕದಲ್ಲಿ ಸಾಮಾನ್ಯ ನರ್ಸ್‌ಗಿಂತ ಮೇಲಿನ ಹಂತದಲ್ಲಿ ನಾಲ್ಕು ಬಗೆಯ ನರ್ಸ್‌ಗಳಿದ್ದಾರೆ. ರೋಗಿಯನ್ನು ಪರೀಕ್ಷಿಸಿ ಔಷಧ ಬರೆಯುವ ನರ್ಸ್ ಪ್ರಾಕ್ಟಿಷನರ್, ಹೆರಿಗೆ ಮಾಡಿಸುವ ನರ್ಸ್ ಮಿಡ್‌ವೈಫ್, ಅರಿವಳಿಕೆ ಕೊಡುವ ನರ್ಸ್ ಅನೆಸ್ತೆಟಿಸ್ಟ್, ಮತ್ತು ಒಂದು ವಿಭಾಗದಲ್ಲಿ ಪರಿಣತರಾದ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್. ನರ್ಸ್ ಪ್ರಾಕ್ಟಿಷನರ್ ಎಂಬ ವೃತ್ತಿ ಹುಟ್ಟಿದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ತಜ್ಞರು ಅದನ್ನು ಆರಂಭಿಸಿದರು. ವೈದ್ಯರಿಲ್ಲದ ಹಳ್ಳಿಗಳ ಮಕ್ಕಳನ್ನು ಯಾರು ನೋಡಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ಫೋರ್ಡ್ ಕಳೆದ ವರ್ಷ, 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ವೃತ್ತಿಗೆ ಸ್ನಾತಕೋತ್ತರ ಪದವಿ ಸಾಕಾಗಿತ್ತು. 2001ರಲ್ಲಿ ಕೆಂಟಕಿ ವಿಶ್ವವಿದ್ಯಾಲಯ ಮೊದಲ ಡಿಎನ್‌ಪಿ ತರಗತಿ ತೆರೆಯಿತು. 2004ರಲ್ಲಿ ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘವು, 2015ರ ಹೊತ್ತಿಗೆ ಈ ಉನ್ನತ ನರ್ಸ್‌ಗಳೆಲ್ಲರೂ ಡಾಕ್ಟರೇಟ್ ಮಟ್ಟದ ಶಿಕ್ಷಣ ಪಡೆದೇ ಬರಬೇಕೆಂಬ ಗುರಿ ಇಟ್ಟುಕೊಂಡಿತು. ಗುರಿ ಮುಟ್ಟಲಿಲ್ಲ. ಅರಿವಳಿಕೆ ನರ್ಸ್‌ಗಳಿಗೆ ಮಾತ್ರ 2022ರಿಂದ ಸೇರುವವರೆಲ್ಲ ಡಾಕ್ಟರೇಟ್ ಕೋರ್ಸಿಗೇ ಸೇರಬೇಕೆಂಬುದು ಕಡ್ಡಾಯವಾಗಿದೆ. ನರ್ಸ್ ಪ್ರಾಕ್ಟಿಷನರ್ ಆಗಲು ಇಂದಿಗೂ ಸ್ನಾತಕೋತ್ತರ ಪದವಿ ಸಾಕು. ಲೈಸೆನ್ಸ್ ಒಂದೇ. ಬರೆಯುವ ಔಷಧವೂ ಅದೇ.

ಈ ವಿಷಯವನ್ನು ಜಾಹೀರಾತುಗಳು ಹೇಳುವುದಿಲ್ಲ. ಆದ್ದರಿಂದ ಎರಡು ಸಲ ಓದಿಕೊಳ್ಳಿ. ಹೆಚ್ಚು ಓದಿದ್ದಕ್ಕೆ ಸಂಬಳ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ ಎಂದು ಲೆಕ್ಕ ಹಾಕಿ ಯಾರೂ ಇದಕ್ಕೆ ಇಳಿಯಬಾರದು.

ಆನ್‌ಲೈನ್ ಎಂದರೆ ಎಷ್ಟು ಆನ್‌ಲೈನ್?

ನಾನು ಕೇಳಿದ ಮೊದಲ ಪ್ರಶ್ನೆ ಇದೇ. ನಾನು ಯುನಾನಿ ಕಲಿತವಳು. ನಾಡಿ ನೋಡುವುದನ್ನು ಪುಸ್ತಕದಲ್ಲಿ ಹತ್ತು ಪುಟ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಬೆರಳಿಗೆ ನಾಡಿ ಸಿಕ್ಕಿದ್ದು ಇಂಟರ್ನ್‌ಶಿಪ್ ವರ್ಷದಲ್ಲಿ, ನೂರಾರು ಕೈಗಳನ್ನು ಹಿಡಿದ ಮೇಲೆ. ಪರದೆಯ ಮೇಲೆ ಹೊಟ್ಟೆ ಒತ್ತಿ ನೋಡುವುದನ್ನು ಹೇಗೆ ಕಲಿಸುತ್ತಾರೆ?

ಕಲಿಸುವುದಿಲ್ಲ. ಆನ್‌ಲೈನ್ ಇರುವುದು ಪಾಠ ಮಾತ್ರ. ಔಷಧ ವಿಜ್ಞಾನ, ರೋಗ ಶಾಸ್ತ್ರ, ಅಂಕಿ-ಅಂಶ, ಆರೋಗ್ಯ ನೀತಿ ಇವೆಲ್ಲ ರೆಕಾರ್ಡ್ ಮಾಡಿದ ಉಪನ್ಯಾಸ, ವಾರಕ್ಕೊಮ್ಮೆ ಚರ್ಚೆ, ಬರೆದು ಕಳಿಸುವ ಪ್ರಬಂಧ. ಹೊಲಿಗೆ ಹಾಕುವುದು, ಸ್ತ್ರೀರೋಗ ಪರೀಕ್ಷೆ ಮುಂತಾದವುಗಳಿಗೆ ಕೆಲವು ದಿನ ಕಾಲೇಜಿಗೇ ಹೋಗಬೇಕು. ಉಳಿದದ್ದು ರೋಗಿಗಳ ನಡುವೆ. ಸಂಘವು 2006ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ನರ್ಸಿಂಗ್ ಪದವಿಯ ನಂತರ ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ಕೆಲಸ ಆಗಿರಬೇಕಿತ್ತು. 2021ರಲ್ಲಿ ಮಾನದಂಡ ಪರಿಷ್ಕರಣೆಯಾದರೂ ಅನೇಕ ಕಾಲೇಜುಗಳು ಈ ಸಂಖ್ಯೆಯನ್ನೇ ಇಟ್ಟುಕೊಂಡಿವೆ. ದಿನಕ್ಕೆ ಎಂಟು ಗಂಟೆಯಂತೆ 125 ದಿನ. ಅದೂ ಸಂಬಳವಿಲ್ಲದೆ, ತನ್ನ ನೌಕರಿಯ ಹೊರಗೆ.

ದೂರದಲ್ಲಿದ್ದುಕೊಂಡು ನರ್ಸ್‌ಗಳನ್ನು ತಯಾರು ಮಾಡುವುದು ಅಲ್ಲಿ ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ವ್ಯಾಪಾರವೇನಲ್ಲ. ಕೆಂಟಕಿಯ ಗುಡ್ಡಗಾಡಿನಲ್ಲಿ 1925ರಲ್ಲಿ ಮೇರಿ ಬ್ರೆಕಿನ್‌ರಿಜ್ ಎಂಬ ಮಹಿಳೆ ಒಂದು ಸೇವಾ ಸಂಸ್ಥೆ ಕಟ್ಟಿದರು. ರಸ್ತೆಯಿಲ್ಲದ ಆ ಊರುಗಳಲ್ಲಿ ಅವರ ನರ್ಸ್‌ಗಳು ಕುದುರೆ ಏರಿ, ಹೊಳೆ ದಾಟಿ, ಹೆರಿಗೆ ಮಾಡಿಸಲು ಹೋಗುತ್ತಿದ್ದರು. ಆ ಸೂಲಗಿತ್ತಿ ನರ್ಸ್‌ಗಳಲ್ಲಿ ಅನೇಕರು ಬ್ರಿಟನ್ನಿನವರು. 1939ರಲ್ಲಿ ಯುದ್ಧ ಶುರುವಾಗಿ ಅವರು ತಾಯ್ನಾಡಿಗೆ ಮರಳಿದಾಗ, ಸಂಸ್ಥೆ ತಾನೇ ಶಾಲೆ ತೆರೆಯಿತು. 50 ವರ್ಷಗಳ ನಂತರ, 1989ರಲ್ಲಿ, ಅದೇ ಶಾಲೆ ದೂರ ಶಿಕ್ಷಣ ಆರಂಭಿಸಿತು. ಹಳ್ಳಿಯ ನರ್ಸ್‌ನ್ನು ಓದಲೆಂದು ಪಟ್ಟಣಕ್ಕೆ ಕರೆದರೆ ಆಕೆ ಹಳ್ಳಿಗೆ ಮರಳುವುದಿಲ್ಲ. ಆಕೆ ತನ್ನೂರಿನಲ್ಲೇ ಇದ್ದು ಓದಲಿ, ತನ್ನೂರಿನ ಹೆರಿಗೆಗಳಲ್ಲೇ ಕೈ ಪಳಗಿಸಲಿ ಎಂಬ ವಿಚಾರ ಅದರ ಹಿಂದಿತ್ತು. ಇಂದು ಅದು ಫ್ರಾಂಟಿಯರ್ ನರ್ಸಿಂಗ್ ವಿಶ್ವವಿದ್ಯಾಲಯ. ಡಿಎನ್‌ಪಿಯನ್ನೂ ಕೊಡುತ್ತದೆ. ನಮ್ಮ ಮಲೆನಾಡಿನಲ್ಲಿ, ಉತ್ತರ ಕರ್ನಾಟಕದ ತಾಂಡಾಗಳಲ್ಲಿ ಇಂಥದ್ದೊಂದು ಯಾಕಾಗಲಿಲ್ಲ ಎಂದು ನಾನು ಆಗಾಗ ಯೋಚಿಸುತ್ತೇನೆ.

ರಾತ್ರಿ ಎರಡು ಗಂಟೆಯ ಪರೀಕ್ಷೆ

ಈ ಹುಡುಗಿಯ ವಾರ ಹೀಗಿದೆ. 12 ಗಂಟೆಗಳ ಮೂರು ಪಾಳಿ ಆಸ್ಪತ್ರೆಯಲ್ಲಿ. ಎರಡು ದಿನ ಕ್ಲಿನಿಕ್‌ನಲ್ಲಿ ಕಲಿಕೆ. ಉಳಿದ ಎರಡು ದಿನದಲ್ಲಿ ಓದು, ಅಡುಗೆ, ಏಳು ವರ್ಷದ ಮಗ. ಗಂಡ ಮನೆಕೆಲಸ ಹಂಚಿಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು ಎಂದಳು. ಮಗ ಮಲಗಿದ ಮೇಲೆ ಪರೀಕ್ಷೆ ಬರೆಯುತ್ತಾಳೆ, ಕೆಲವೊಮ್ಮೆ ರಾತ್ರಿ ಎರಡಕ್ಕೆ. ಕ್ಯಾಮೆರಾ ತಿರುಗಿಸಿ ಕೋಣೆಯ ನಾಲ್ಕೂ ಗೋಡೆ, ಮೇಜಿನ ಅಡಿ ಎಲ್ಲ ತೋರಿಸಬೇಕು. ಮೊದಲ ಪರೀಕ್ಷೆಯಲ್ಲಿ, ಕಿವಿಯೊಳಗೆ ಉಪಕರಣ ಇಟ್ಟಿಲ್ಲವೆಂದು ಖಾತ್ರಿಪಡಿಸಲು ಹಿಜಾಬ್ ಸರಿಸಿ ಕಿವಿ ತೋರಿಸಿ ಎಂದು ಆ ಕಡೆಯ ಮೇಲ್ವಿಚಾರಕ ಹೇಳಿದನಂತೆ. ಆಕೆ ಮಹಿಳಾ ಮೇಲ್ವಿಚಾರಕಿ ಬೇಕೆಂದು ಕೇಳಿದಳು. 20 ನಿಮಿಷ ಕಾಯಬೇಕಾಯಿತು, ಆದರೆ ಕೊಟ್ಟರು. ಈಗ ಪ್ರತಿ ಪರೀಕ್ಷೆಗೂ ಮೊದಲೇ ಬರೆದು ತಿಳಿಸುತ್ತಾಳೆ. ಇಂತಹ ಕಡೆ ಓದುವ ನಮ್ಮ ಹೆಣ್ಣುಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ. ಮೊದಲೇ ಕೇಳಿದರೆ ಪರೀಕ್ಷೆಯ ಹೊತ್ತಿನಲ್ಲಿ ಗಾಬರಿ ತಪ್ಪುತ್ತದೆ.

ಆಕೆಗೆ ಪರೀಕ್ಷೆಗಿಂತ ಕಷ್ಟವಾದದ್ದು ಮಾರ್ಗದರ್ಶಕರನ್ನು ಹುಡುಕುವುದು. ಪ್ರಾಯೋಗಿಕ ಗಂಟೆಗಳನ್ನು ಒಬ್ಬ ಅನುಭವಿ ವೈದ್ಯರೋ ನರ್ಸ್ ಪ್ರಾಕ್ಟಿಷನರೋ ತಮ್ಮ ಕ್ಲಿನಿಕ್‌ನಲ್ಲಿ ಕಲಿಸಿಕೊಡಬೇಕು. ಕೆಲವು ಕಾಲೇಜುಗಳು ಹುಡುಕಿಕೊಡುತ್ತವೆ. ಕೆಲವು "ನೀವೇ ಹುಡುಕಿಕೊಳ್ಳಿ" ಎನ್ನುತ್ತವೆ. ಹಣ ತೆಗೆದುಕೊಂಡು ಹುಡುಕಿಕೊಡುವ ಏಜೆನ್ಸಿಗಳೂ ಅಲ್ಲಿ ಹುಟ್ಟಿಕೊಂಡಿವೆ! ಈಕೆ ಒಂದು ಮಳೆಗಾಲ ಪೂರ್ತಿ ಕ್ಲಿನಿಕ್‌ಗಳಿಗೆ ಪತ್ರ ಬರೆದಳು. ಉತ್ತರ ಬಂದದ್ದು ಎರಡರಿಂದ. ಅವಳ ಜೊತೆಗಾರ್ತಿಯೊಬ್ಬಳು ಮಾರ್ಗದರ್ಶಕರು ಸಿಗದೆ ಒಂದು ಸೆಮಿಸ್ಟರ್ ಕಳೆದುಕೊಂಡಳು. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ಕೇಳಬೇಕಾದ ಪ್ರಶ್ನೆ ಇದು: ಮಾರ್ಗದರ್ಶಕರನ್ನು ನೀವು ಕೊಡುತ್ತೀರಾ, ಬರವಣಿಗೆಯಲ್ಲಿ ಕೊಡುತ್ತೀರಾ?

ಇನ್ನೊಂದು ತೊಡಕು ರಾಜ್ಯಗಳದ್ದು. ಕಾಲೇಜು ಒಂದು ರಾಜ್ಯದಲ್ಲಿ, ವಿದ್ಯಾರ್ಥಿ ಇನ್ನೊಂದರಲ್ಲಿ. ಆ ರಾಜ್ಯದಲ್ಲಿ ಪಾಠ ಮಾಡಲು, ಗಂಟೆಗಳನ್ನು ಮಾಡಿಸಲು ಕಾಲೇಜಿಗೆ ಅನುಮತಿ ಇರಬೇಕು. ಓದು ಮುಗಿದ ಮೇಲಿನ ಅಧಿಕಾರವೂ ಊರಿಂದೂರಿಗೆ ಬೇರೆ. ಟೆಕ್ಸಾಸ್‌ನಲ್ಲಿ ನರ್ಸ್ ಪ್ರಾಕ್ಟಿಷನರ್ ಔಷಧ ಬರೆಯಲು ವೈದ್ಯರ ಜೊತೆ ಲಿಖಿತ ಒಪ್ಪಂದ ಇರಬೇಕು. ಗಡಿ ದಾಟಿ ಪಕ್ಕದ ನ್ಯೂ ಮೆಕ್ಸಿಕೊಗೆ ಹೋದರೆ ಅದೇ ನರ್ಸ್ ಸ್ವತಂತ್ರವಾಗಿ ಬರೆಯಬಹುದು.

'ಡಾಕ್ಟರ್' ಎಂದು ಹೇಳಿಕೊಳ್ಳುವುದಕ್ಕೂ ಜಗಳವಿದೆ. ಕ್ಯಾಲಿಫೋರ್ನಿಯಾದ ಕಾನೂನು ರೋಗಿಗಳ ಎದುರು ನರ್ಸ್‌ಗಳು ಹಾಗೆ ಕರೆದುಕೊಳ್ಳುವುದನ್ನು ತಡೆಯುತ್ತದೆ. ಡಿಎನ್‌ಪಿ ಪಡೆದ ಕೆಲವು ನರ್ಸ್‌ಗಳು 2023ರಲ್ಲಿ ನ್ಯಾಯಾಲಯಕ್ಕೂ ಹೋದರು. ಇದನ್ನು ಕೇಳಿ ನನಗೆ ನಗು ಬಂತು. ಐದೂವರೆ ವರ್ಷ ಓದಿ ಬೋರ್ಡಿನಲ್ಲಿ ಡಾ. ಎಂದು ಬರೆಸಿಕೊಂಡ ನನ್ನನ್ನು ಇಂದಿಗೂ ಕೆಲವರು ತಗ್ಗಿದ ದನಿಯಲ್ಲಿ ಕೇಳುತ್ತಾರೆ, "ನೀವು ನಿಜವಾದ ಡಾಕ್ಟರೇ ತಾನೇ?" ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯ ರೋಗಿಯ ಪರ. ತನ್ನ ಎದುರು ಕುಳಿತವರು ಏನು ಓದಿದವರು ಎಂಬುದು ರೋಗಿಗೆ ಮೊದಲ ಮಾತಿನಲ್ಲೇ ತಿಳಿಯಬೇಕು. ನಾನು ಯುನಾನಿ ಎಂದು ಹೇಳಿಯೇ ಮುಂದುವರಿಯುತ್ತೇನೆ. "ನಾನು ನರ್ಸ್ ಪ್ರಾಕ್ಟಿಷನರ್" ಎಂದೇ ಹೇಳುವುದಾಗಿ ಆಕೆಯೂ ಅಂದಳು.

ಸಾಲ ಮತ್ತು ಬಡ್ಡಿ

ಬಿ.ಎಸ್ಸಿ.ಯಿಂದ ನೇರ ಡಿಎನ್‌ಪಿಗೆ ಪೂರ್ಣಾವಧಿ ಓದಿದರೆ ಮೂರರಿಂದ ನಾಲ್ಕು ವರ್ಷ. ಈಕೆ ಐದು ವರ್ಷ ತೆಗೆದುಕೊಳ್ಳುತ್ತಿದ್ದಾಳೆ. ಕಾರಣ, ಬಡ್ಡಿ ಸಾಲ ಬೇಡವೆಂದು ನಿರ್ಧರಿಸಿದ್ದಾಳೆ. ಅಲ್ಲಿ ಶುಲ್ಕ ವಿಷಯವಾರು ಲೆಕ್ಕದಲ್ಲಿರುತ್ತದೆ. ಸಂಬಳದಿಂದ ಎಷ್ಟು ಕಟ್ಟಲು ಸಾಧ್ಯವೋ ಅಷ್ಟೇ ವಿಷಯ ತೆಗೆದುಕೊಳ್ಳುತ್ತಾಳೆ. ಆಸ್ಪತ್ರೆಯೂ ಸ್ವಲ್ಪ ಕೊಡುತ್ತದೆ. ಉದ್ಯೋಗದಾತರು ವರ್ಷಕ್ಕೆ 5,250 ಡಾಲರ್‌ವರೆಗೆ ಕೊಡುವ ಶಿಕ್ಷಣ ನೆರವಿಗೆ ನೌಕರರು ತೆರಿಗೆ ಕಟ್ಟಬೇಕಾಗಿಲ್ಲ ಎಂಬ ನಿಯಮ ಅಲ್ಲಿದೆ.

ಸಾಲ ಮಾಡುವವರಿಗೂ ದಾರಿ ಕಿರಿದಾಗಿದೆ. 2025ರ ಜುಲೈನಲ್ಲಿ ಬಂದ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವ ಉನ್ನತ ಪದವಿ ವಿದ್ಯಾರ್ಥಿಗಳಿಗೆ ಸರಕಾರಿ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರ್. 'ವೃತ್ತಿಪರ' ಪದವಿಯವರಿಗೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. ಆ ವೃತ್ತಿಪರರ ಪಟ್ಟಿಯನ್ನು ಶಿಕ್ಷಣ ಇಲಾಖೆ 2025ರ ಕೊನೆಯಲ್ಲಿ ಮುಂದಿಟ್ಟಾಗ ಅದರಲ್ಲಿ ವೈದ್ಯರಿದ್ದರು, ವಕೀಲರಿದ್ದರು, ಬೆನ್ನೆಲುಬು ಸರಿಪಡಿಸುವ ಕೈರೊಪ್ರಾಕ್ಟರ್‌ಗಳಿದ್ದರು, ಧರ್ಮಶಾಸ್ತ್ರದವರೂ ಇದ್ದರು. ನರ್ಸ್‌ಗಳು ಇರಲಿಲ್ಲ. ಅಲ್ಲಿನ ನರ್ಸ್ ಸಂಘಟನೆಗಳು ಪ್ರತಿಭಟಿಸಿದವು. ಅವಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಮ್ಮದು ವೃತ್ತಿ ಅಲ್ಲವಂತೆ ಡಾಕ್ಟ್ರೇ."

ಇಲ್ಲಿಂದ ಓದಬಹುದೇ?

ಈ ಪ್ರಶ್ನೆಯನ್ನು ನನ್ನ ಬಳಿ ಕೇಳಿದ್ದು ಪಕ್ಕದ ತಾಲೂಕಿನ ಒಬ್ಬ ನರ್ಸ್. ಕೇಳುವಾಗ ತಡವಾಗಿತ್ತು. "ಒಂದೇ ವರ್ಷದಲ್ಲಿ ವಿದೇಶಿ ನರ್ಸಿಂಗ್ ಡಾಕ್ಟರೇಟ್, ಸಂಪೂರ್ಣ ಆನ್‌ಲೈನ್, ಆಸ್ಪತ್ರೆಗೆ ಹೋಗುವ ಅಗತ್ಯವಿಲ್ಲ" ಎಂಬ ಸಂದೇಶ ನಂಬಿ ಒಬ್ಬ ಏಜೆಂಟನಿಗೆ 40,000 ರೂಪಾಯಿ ಮುಂಗಡ ಕೊಟ್ಟಿದ್ದಳು. ತಮ್ಮನ ಕಾಲೇಜು ಶುಲ್ಕಕ್ಕೆಂದು ಇಟ್ಟ ಹಣ. ಅಮೆರಿಕದ ನರ್ಸಿಂಗ್ ಪದವಿಗಳಿಗೆ ಮಾನ್ಯತೆ ಕೊಡುವ ಪ್ರಮುಖ ಸಂಸ್ಥೆಗಳು ಸಿಸಿಎನ್‌ಇ ಮತ್ತು ಎಸಿಇಎನ್. ಎರಡರ ಪಟ್ಟಿಯೂ ಯಾರು ಬೇಕಾದರೂ ನೋಡುವಂತೆ ಇದೆ. ನಾವಿಬ್ಬರೂ ಕುಳಿತು ಹುಡುಕಿದೆವು. ಆ ಸಂಸ್ಥೆಯ ಹೆಸರು ಎರಡರಲ್ಲೂ ಇರಲಿಲ್ಲ. ಹಣ ಮರಳಲಿಲ್ಲ.

ಅಮೆರಿಕದಲ್ಲೇ ಇಂತಹ ಮೋಸ ದೊಡ್ಡ ಪ್ರಮಾಣದಲ್ಲಿ ಸಿಕ್ಕಿಬಿದ್ದಿದೆ. 2023ರ ಜನವರಿಯಲ್ಲಿ ಫ್ಲೋರಿಡಾದಲ್ಲಿ 25 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಕೆಳಹಂತದ ನರ್ಸಿಂಗ್ ಪದವಿಗಳ 7,600ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳು ಮಾರಾಟವಾಗಿದ್ದವು. ಆ ಕಾಗದ ಹಿಡಿದವರು ರೋಗಿಯ ಹಾಸಿಗೆಯ ಪಕ್ಕ ನಿಂತಿರಬಹುದು ಎಂಬುದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ನೌಕರಿ ಹುಡುಕುವವರಿಗೆ ಡೇಟಾಫ್ಲೋ ಪರಿಶೀಲನೆ ಗೊತ್ತೇ ಇದೆ. ಅವರು ಪದವಿ ಕೊಟ್ಟ ಸಂಸ್ಥೆಯನ್ನೇ ನೇರವಾಗಿ ಸಂಪರ್ಕಿಸುತ್ತಾರೆ.

ನಮ್ಮ ದೇಶದ ನಿಯಮವೂ ತಿಳಿದಿರಲಿ. ಯುಜಿಸಿಯ 2020ರ ನಿಯಮಾವಳಿಯಂತೆ ವೈದ್ಯಕೀಯ, ನರ್ಸಿಂಗ್ ಮುಂತಾದ ಪದವಿಗಳನ್ನು ದೂರ ಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡುವಂತಿಲ್ಲ. ಅಮೆರಿಕಕ್ಕೆ ಹೋಗುವ ದಾರಿಯಾಗಿಯೂ ಇದು ಉಪಯೋಗಕ್ಕೆ ಬಾರದು. ಪೂರ್ತಿ ಆನ್‌ಲೈನ್ ಕೋರ್ಸಿನ ಮೇಲೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಅಲ್ಲಿ ನರ್ಸ್ ಲೈಸೆನ್ಸ್ ಇದ್ದು, ಅಲ್ಲೇ ವಾಸವಿದ್ದು, ಅಲ್ಲಿನ ರೋಗಿಗಳ ನಡುವೆ ಗಂಟೆಗಳನ್ನು ಪೂರೈಸುವವರಿಗೆ ಮಾತ್ರ ಇದು ಪದವಿ.

ಮೇಲೇರಬೇಕೆಂಬ ಆಸೆಯುಳ್ಳ ನಮ್ಮ ನರ್ಸ್‌ಗಳಿಗೆ ಇಲ್ಲಿ ಏನಿದೆ? ತೀವ್ರ ನಿಗಾ ಘಟಕಗಳಿಗಾಗಿ ನರ್ಸಿಂಗ್ ಕೌನ್ಸಿಲ್ ರೂಪಿಸಿದ ಎರಡು ವರ್ಷಗಳ ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್ ಎಂಬ ಸ್ನಾತಕೋತ್ತರ ಕೋರ್ಸ್ ಇದೆ. ಅದರಲ್ಲಿ ಪಾಠ ಕಡಿಮೆ, ವಾರ್ಡ್ ಕೆಲಸವೇ ಹೆಚ್ಚು. ಹೆರಿಗೆಗೆ ಸಂಬಂಧಿಸಿ, ಕೇಂದ್ರ ಸರಕಾರದ 2018ರ ಮಾರ್ಗಸೂಚಿಯಂತೆ 18 ತಿಂಗಳ ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿ ತರಬೇತಿ ಇದೆ. ಎಂ.ಎಸ್ಸಿ., ಪಿಎಚ್.ಡಿ. ಇದ್ದೇ ಇವೆ. ಸೇರುವ ಮೊದಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಒಮ್ಮೆ ವಿಚಾರಿಸಿ. ಒಂದು ಬಸ್ ಟಿಕೆಟಿನ ಖರ್ಚು 40,000ಕ್ಕಿಂತ ಕಡಿಮೆ.

ಚಪ್ಪಲಿ ಕಳಚುವ ಪ್ರಾಜೆಕ್ಟ್

ಮತ್ತೆ ಆ ದಿನಕ್ಕೆ ಬರುತ್ತೇನೆ. ಪಿಎಚ್.ಡಿ.ಯ ಮಹಾಪ್ರಬಂಧದ ಬದಲಿಗೆ ಡಿಎನ್‌ಪಿಯಲ್ಲಿ ಒಂದು ಪ್ರಾಜೆಕ್ಟ್ ಇರುತ್ತದೆ. ಆಸ್ಪತ್ರೆಯಲ್ಲಿ ಆಗಬೇಕಾಗಿದ್ದು ಆಗದೇ ಇರುವ ಒಂದು ಕೆಲಸವನ್ನು ಹುಡುಕಿ, ಅದು ಆಗುವಂತೆ ಮಾಡಿ ತೋರಿಸಬೇಕು. ಏನು ಮಾಡುತ್ತಿದ್ದೀಯ ಎಂದು ಕೇಳಿದೆ.

"ಚಪ್ಪಲಿ ಕಳಚಿಸುತ್ತಿದ್ದೇನೆ" ಎಂದಳು.

ಸಕ್ಕರೆ ಕಾಯಿಲೆಯವರ ಪಾದಗಳನ್ನು ವರ್ಷಕ್ಕೊಮ್ಮೆಯಾದರೂ ಪೂರ್ತಿ ಪರೀಕ್ಷಿಸಬೇಕು. ಸ್ಪರ್ಶ ಕಳೆದುಕೊಂಡವರದ್ದಾದರೆ ಪ್ರತಿ ಭೇಟಿಯಲ್ಲೂ ನೋಡಬೇಕು. ಅವಳು ತರಬೇತಿ ಪಡೆಯುವ ಕ್ಲಿನಿಕ್‌ನ ಹಳೆಯ ಕಡತಗಳನ್ನು ತೆಗೆದು ನೋಡಿದರೆ ಬಹಳ ರೋಗಿಗಳ ಪಾದ ಪರೀಕ್ಷೆಯೇ ದಾಖಲಾಗಿರಲಿಲ್ಲ. ವೈದ್ಯರಿಗೆ ಗೊತ್ತಿಲ್ಲವೆಂದಲ್ಲ. ರೋಗಿ ಬೂಟು ಹಾಕಿಕೊಂಡು ಕುಳಿತಿರುತ್ತಾನೆ, ಸಮಯ ಕಡಿಮೆ, ಮಾತು ಬೇರೆಡೆ ಹೋಗುತ್ತದೆ. ಅವಳು ಮಾಡಿದ್ದು ಇಷ್ಟೇ. ವೈದ್ಯರು ಬರುವ ಮೊದಲೇ ನರ್ಸ್ ರೋಗಿಯ ಬೂಟು, ಕಾಲುಚೀಲ ಕಳಚಿಸಿ ಕೂರಿಸುವುದು, 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಪಾದ ಮುಟ್ಟಿ ಸ್ಪರ್ಶ ಇದೆಯೇ ಎಂದು ನೋಡುವುದು, ಬರೆದಿಡುವುದು. ಮೂರು ತಿಂಗಳ ನಂತರ ಮತ್ತೆ ಕಡತ ಎಣಿಸುವುದು.

ಹೇಳುತ್ತಲೇ ಅವಳು ನೆಲದ ಮೇಲೆ ಕುಳಿತು ತಾಯಿಯ ಚಪ್ಪಲಿ ಕಳಚಿದಳು. ತಾಯಿ ನಾಚಿಕೆಯಿಂದ ಕಾಲು ಹಿಂದಕ್ಕೆಳೆದುಕೊಂಡರು. ಬಲಗಾಲಿನ ನಾಲ್ಕನೇ ಮತ್ತು ಕಿರುಬೆರಳ ನಡುವೆ ಚರ್ಮ ಬಿಳುಚಿ ಮೆತ್ತಗಾಗಿ ಬಿರಿದಿತ್ತು. ಅದರ ಆಳದಲ್ಲಿ ಕೆಂಪು ಗಾಯ. ತಾಯಿಗೆ ನೋವೇ ಇರಲಿಲ್ಲ. ನೋವಿಲ್ಲದಿರುವುದೇ ಅಪಾಯದ ಲಕ್ಷಣ, ನರಗಳು ಸ್ಪರ್ಶ ಕಳೆದುಕೊಂಡಿದ್ದವು.

ಎರಡು ವರ್ಷದಿಂದ ಆ ಕಾಲಿನ ಮೊಣಕಾಲಿಗೆ ಎಣ್ಣೆ ಕೊಡುತ್ತಿದ್ದವಳು ನಾನು. ಒಂದೂವರೆ ಅಡಿ ಕೆಳಗೆ ಒಮ್ಮೆಯೂ ನೋಡಿರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಕರಾವಳಿಯ ಮಳೆಗಾಲ ಬೇರೆ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಾವು ಪಾದಕ್ಕೆ ನೀರು ಹಾಕುತ್ತೇವೆ, ಬೆರಳ ಸಂದಿಗಳನ್ನೂ ತೊಳೆಯುತ್ತೇವೆ. ಆದರೆ ಒರೆಸುವುದಿಲ್ಲ. ಒದ್ದೆ ಸಂದಿಯಲ್ಲಿ ಬೂಸು ಬೆಳೆಯುತ್ತದೆ, ಚರ್ಮ ಬಿರಿಯುತ್ತದೆ, ಸಕ್ಕರೆ ಇದ್ದವರಲ್ಲಿ ಆ ಬಿರುಕಿನಿಂದಲೇ ಸೋಂಕು ಒಳಗಿಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರು ತೊಳೆದ ಮೇಲೆ ಮೆದು ಬಟ್ಟೆಯಿಂದ ಪ್ರತಿ ಸಂದಿಯನ್ನೂ ಒತ್ತಿ ಒಣಗಿಸಿಕೊಳ್ಳಬೇಕು. ರಾತ್ರಿ ಒಮ್ಮೆ ಅಂಗಾಲನ್ನು ನೋಡಿಕೊಳ್ಳಬೇಕು. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲವೇ ಮನೆಯವರಿಗೆ ತೋರಿಸಿ. ಬಿಸಿನೀರಿಗೆ ಕಾಲಿಡುವ ಮೊದಲು ಮೊಣಕೈಯಿಂದ ಬಿಸಿ ನೋಡಿ. ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡಿ. ಗಾಯ ಕಂಡರೆ ಲೇಪ, ಅರಿಶಿನ, ನನ್ನ ಎಣ್ಣೆ ಯಾವುದನ್ನೂ ಹಚ್ಚಿ ಕಾಯಬೇಡಿ. ಅದೇ ದಿನ ತೋರಿಸಿ.

ತಾಯಿಯನ್ನು ಆ ಮಧ್ಯಾಹ್ನವೇ ಶಸ್ತ್ರವೈದ್ಯರ ಬಳಿಗೆ ಕಳಿಸಿದೆ. ಗಾಯ ಒಣಗಲು ಏಳು ವಾರ ಬೇಕಾಯಿತು. ಬೆರಳು ಉಳಿಯಿತು. ನನ್ನ ಚಿಕಿತ್ಸಾಲಯದ ಬಾಗಿಲ ಬಳಿ ಈಗ ಒಂದು ಮಣೆ ಇದೆ. ಸಕ್ಕರೆ ಕಾಯಿಲೆಯವರು ಏನೇ ತೊಂದರೆಗೆ ಬಂದಿರಲಿ, ಚಪ್ಪಲಿ ಬಿಟ್ಟು ಮೊದಲು ಅದರ ಮೇಲೆ ಕಾಲಿಡಬೇಕು. ಕೆಲವರು ಗೊಣಗುತ್ತಾರೆ.

ಮಗಳು ಟೆಕ್ಸಾಸ್‌ಗೆ ಮರಳಿದ್ದಾಳೆ, ಇನ್ನೂ ಎರಡು ವರ್ಷದ ಓದು ಬಾಕಿ ಇದೆ. ಪ್ರತಿ ಭಾನುವಾರ ವಿಡಿಯೊ ಕರೆ ಮಾಡುತ್ತಾಳೆ. ಸಲಾಂ ಹೇಳಿದ ಕೂಡಲೇ ಉಮ್ಮ ಫೋನನ್ನು ಕೆಳಗಿಳಿಸಿ ಎರಡೂ ಪಾದಗಳನ್ನು, ಬೆರಳ ಸಂದಿ ಬಿಡಿಸಿ, ತೋರಿಸಬೇಕು. ಮಾತುಕತೆ ಆಮೇಲೆ.